ಹಿತ್ತಲ ಕೋಣೆಯ ಹಲಗೆ ನೆಲ

ನನ್ನ ತಮ್ಮನನ್ನು ಊರಲ್ಲಿ ಎಲ್ಲರೂ ಬರಿಗಾಲು ಎಂದೇ ಕರೆಯುವುದು. ಹೆಸರು ಹಿಡಿದು ವಿಚಾರಿಸಿದರೆ ಅವನ ಬೀದಿಯವರೇ ತಲೆ ಕೆರೆದುಕೊಳ್ಳುತ್ತಾರೆ. ಬರಿಗಾಲು ಬಡಗಿ ಎಲ್ಲಿ ಅಂದರೆ ಸಾಕು, ಸೈಕಲ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಗೆ ಬೆರಳು ತೋರಿಸುತ್ತಾರೆ. ಚಪ್ಪಲಿಗೆ ಗತಿಯಿಲ್ಲ ಅಂತಲ್ಲ. ಹಲಗೆ ನೆಲ ಹಾಸಿ ಮುಗಿಸಿದ ಮೇಲೆ ಅವನು ಚಪ್ಪಲಿ ಕಳಚಿಟ್ಟು, ಕಣ್ಣು ಮುಚ್ಚಿಕೊಂಡು, ಈ ಗೋಡೆಯಿಂದ ಆ ಗೋಡೆಗೆ ನಡೆದುಹೋಗುತ್ತಿದ್ದ. ಅವನ ನಡಿಗೆ ಮುಗಿಯುವ ತನಕ ಮನೆ ಯಜಮಾನನೂ ಒಳಗೆ ಕಾಲಿಡುವಂತಿರಲಿಲ್ಲ. ರಸಮಟ್ಟ ಇಟ್ಟು ನೋಡಿದರೆ ನೆಲ ಸಮ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಭಾರ ಬಿದ್ದಾಗ ಎಲ್ಲಿ ಬಗ್ಗುತ್ತದೆ ಅನ್ನುವುದು ಅಂಗಾಲಿಗೆ ಮಾತ್ರ ಗೊತ್ತಾಗುತ್ತದೆ ಎಂದು ಅವನಿಗೆ ಕೆಲಸ ಕಲಿಸಿದ ನಮ್ಮ ಸೋದರಮಾವ ಹೇಳಿಕೊಟ್ಟಿದ್ದ. ಮಾವ ಹೋಗಿ ಎಷ್ಟೋ ಕಾಲವಾಯಿತು. ಅವನ ಈ ಪದ್ಧತಿಯನ್ನು ಮಾತ್ರ ಇವನು ಬಿಡಲಿಲ್ಲ.

ನಾನು ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನನ್ನ ಬಾಯಿ ಸ್ವಲ್ಪ ಜೋರು ಎಂದು ಬೀದಿಯವರು ಹೇಳುತ್ತಾರೆ, ಇರಲಿ. ಸುಳ್ಳನ್ನೂ ಹೇಳುತ್ತೇನೆ. ತೋಳು ಬಿಗಿಯಾಯಿತು ಎಂದು ಗೊಣಗುತ್ತಾ ಬಂದವರಿಗೆ ‘ಒಂದ್ಸಲ ಒಗೆದು ಹಾಕ್ಕೊಳ್ಳಿ, ಸರಿಹೋಗುತ್ತೆ’ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತೇನೆ. ಒಗೆದರೆ ಬಟ್ಟೆ ಇನ್ನೂ ಬಿಗಿಯಾಗುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಸಮಾಧಾನ ಮಾಡಿಕೊಂಡು ಹೋಗುತ್ತಾರೆ.

ತಮ್ಮನ ಹೆಂಡತಿ ತೀರಿಕೊಂಡು ಎರಡು ವರ್ಷದ ಮೇಲಾಯಿತು. ಎದೆನೋವು ಎಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಆ ದಿನ ಆಸ್ಪತ್ರೆಯ ಹೊರಗಿನ ಬೆಂಚು ಒಂದು ಕಡೆ ಕುಂಟುತ್ತಿತ್ತು. ಒಳಗಿನಿಂದ ಸುದ್ದಿ ಬಂದಾಗ ಇವನು ಎದ್ದ, ಔಷಧಿ ಚೀಟಿಯನ್ನು ನಾಲ್ಕಾಗಿ ಮಡಚಿದ, ಬೆಂಚಿನ ಕಾಲಿನ ಕೆಳಗೆ ಸಿಕ್ಕಿಸಿದ, ಅಲ್ಲಾಡುವುದು ನಿಂತಿತೇ ಎಂದು ಕೈಯಿಂದ ಅದುಮಿ ನೋಡಿದ, ಮತ್ತೆ ಕೂತ. ಅಳಲಿಲ್ಲ. ಆಮೇಲೂ ಅಳಲಿಲ್ಲ. ನಕ್ಕಿದ್ದನ್ನೂ ನಾನು ನೋಡಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಾನೆ. ಉಪ್ಪು ಹೆಚ್ಚಾದರೂ ಉಣ್ಣುತ್ತಾನೆ, ಉಪ್ಪೇ ಇಲ್ಲದಿದ್ದರೂ ಉಣ್ಣುತ್ತಾನೆ. ಮೊದಮೊದಲು ಬೈದೆ, ಆಮೇಲೆ ನನಗೂ ಬೈಯುವ ಹುಮ್ಮಸ್ಸು ಹೋಯಿತು.

ಅವಳು ಹೋದ ಮೇಲೆ ಅವನು ನೆಲ ಹಾಸುವ ಕೆಲಸವನ್ನೇ ಬಿಟ್ಟುಬಿಟ್ಟ. ಬಾಗಿಲು, ಕಿಟಕಿ, ಕಪಾಟು ಇಷ್ಟೇ. ಯಾರಾದರೂ ನೆಲದ ಕೆಲಸ ಎಂದು ಬಂದರೆ ‘ಬೇರೆಯವರನ್ನ ನೋಡ್ಕೊಳ್ಳಿ’ ಎಂದು ಕಳಿಸುತ್ತಿದ್ದ. ಮನಸ್ಸಿಲ್ಲ ಪಾಪ, ಎಂದು ನಾವೆಲ್ಲ ಅಂದುಕೊಂಡೆವು.

ಸೈಕಲ್ ಅಂಗಡಿಯ ಮೆಟ್ಟಿಲು ಕಡಿದಾದದ್ದು. ಅವನು ಅದನ್ನು ಹತ್ತುವಾಗ ಪ್ರತಿ ಮೆಟ್ಟಿಲನ್ನೂ ಬಗ್ಗಿ ನೋಡಿ ಕಾಲಿಡುವುದನ್ನು ಒಂದು ದಿನ ಕೆಳಗಿನಿಂದ ಕಂಡೆ. ಅಲ್ಲೇ ತೀರ್ಮಾನ ಮಾಡಿದೆ. ನಮ್ಮ ಹಿತ್ತಲಲ್ಲಿ ಮನೆಗೆ ಹೊಂದಿಕೊಂಡಂತೆ ಒಂದು ಕೋಣೆ ಕಟ್ಟಿಸಿ ಇವನನ್ನು ತಂದಿರಿಸಿಕೊಳ್ಳಬೇಕು. ನಮ್ಮ ಯಜಮಾನರನ್ನು ಕೇಳಿದೆ. ಅವರು ಪೇಪರಿನ ಹಿಂದಿನಿಂದಲೇ “ನೀನು ತೀರ್ಮಾನ ಮಾಡಿ ಆದ್ಮೇಲೆ ನನ್ನ ಕೇಳೋದು ಯಾಕೆ, ಅಭ್ಯಾಸಾನಾ?” ಎಂದರು. ಅಂದರೆ ಒಪ್ಪಿಗೆ.

ತಮ್ಮನ ಹತ್ತಿರ ಹೋಗಿ ನೇರವಾಗಿಯೇ ಹೇಳಿದೆ. “ಹಿತ್ತಲಲ್ಲಿ ಕೋಣೆ ಕಟ್ಟಿಸ್ತೀನಿ. ನೀನು ಬಂದಿರು.”

“ಹ್ಞೂಂ” ಎಂದ.

ಅವನ ಹ್ಞೂಂ ಅನ್ನುವುದಕ್ಕೆ ಹೌದು ಎಂದು ಅರ್ಥವಿಲ್ಲ. ಕೇಳಿಸಿತು ಎಂದಷ್ಟೇ. “ಬರ್ತೀಯೋ ಇಲ್ವೋ?” ಎಂದು ಒತ್ತಾಯಿಸಿದೆ.

ಉಳಿಯ ಬಾಯನ್ನು ಸಾಣೆಕಲ್ಲಿಗೆ ಉಜ್ಜುತ್ತಾ ಕೂತಿದ್ದ. “ನೆಲ ನಾನು ಹಾಸಿಕೊಡ್ತೀನಿ. ಇರೋದು ಆಮೇಲೆ ನೋಡೋಣ” ಎಂದ.

ಎರಡು ವರ್ಷದಲ್ಲಿ ಅವನು ಒಪ್ಪಿಕೊಂಡ ಮೊದಲ ನೆಲ ಅದು. ಇಷ್ಟಾದರೂ ಆಯಿತಲ್ಲ ಎಂದು ಮನೆಗೆ ಬಂದೆ. ನೆಲ ಹಾಸಿದವನು ಆ ನೆಲದ ಮೇಲೆ ಮಲಗದೆ ಎಲ್ಲಿಗೆ ಹೋದಾನು ಎಂದು ನನ್ನ ಲೆಕ್ಕಾಚಾರ.

ಗಾರೆ ಮೇಸ್ತ್ರಿ ಗೋಡೆ ಎಬ್ಬಿಸಲು ಬಂದ ದಿನವೇ ಇಬ್ಬರಿಗೂ ಜಟಾಪಟಿಯಾಯಿತು. ನಮ್ಮ ಹಿತ್ತಲು ಮನೆಯ ನೆಲಕ್ಕಿಂತ ಮೊಣಕಾಲುದ್ದ ತಗ್ಗಿನಲ್ಲಿದೆ. ಮೇಸ್ತ್ರಿಗೆ ಮಣ್ಣು ತುಂಬಿಸಿ, ಮೇಲೆ ಕಾಂಕ್ರೀಟು ಎಳೆದು, ಕೈ ತೊಳೆದುಕೊಳ್ಳುವ ಆತುರ. ತಮ್ಮ ಬೇಡವೆಂದ. ತುಂಬಿದ ಮಣ್ಣು ಒಂದಲ್ಲ ಒಂದು ದಿನ ಕುಸಿದು ಕೂರುತ್ತದೆ, ಆಗ ನೆಲ ಬಿರುಕು ಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಹಳೆ ಮನೆಯದೂ ಹಲಗೆ ನೆಲ. ಅದರ ಅಡಿಗೆ ಗಾಳಿಯಾಡಲು ಹಿಂದಿನ ಗೋಡೆಯಲ್ಲಿ ಕಿಂಡಿಗಳಿವೆ. ಮಣ್ಣು ತುಂಬಿದರೆ ಅವು ಮುಚ್ಚಿಹೋಗಿ, ಅಡಿಯಲ್ಲಿ ತೇವ ನಿಂತು, ಹಳೆಯ ಮರವೆಲ್ಲ ಕೊಳೆಯುತ್ತದೆ. ಹೊಸ ಕೋಣೆಯ ನೆಲವೂ ಮಣ್ಣಿಗೆ ತಾಗದೆ ಮೇಲೆ ನಿಲ್ಲಬೇಕು, ಕೆಳಗೆ ಟೊಳ್ಳಿರಬೇಕು, ಹಳೆ ಕಿಂಡಿಯಿಂದ ಹೊಸ ಕಿಂಡಿಗೆ ಗಾಳಿ ಹಾಯಬೇಕು. ಇದಿಷ್ಟನ್ನು ಅವನು ನಾಲ್ಕೇ ಮಾತಲ್ಲಿ ಹೇಳಿದ. ಬಿಡಿಸಿ ಹೇಳುತ್ತಿರುವವಳು ನಾನು.

ಮೇಸ್ತ್ರಿ ನನ್ನ ಕಡೆ ತಿರುಗಿ “ನೋಡಿದ್ರಾ ಅಕ್ಕ, ನಿಮ್ಮ ತಮ್ಮನಿಗೆ ಮನುಷ್ಯರ ಉಸಿರಿನ ಚಿಂತೆ ಇಲ್ಲ, ನೆಲದ ಉಸಿರಿನ ಚಿಂತೆ. ನನಗೇ ಉಬ್ಬಸ, ಅದನ್ನ ಯಾರು ಕೇಳ್ತಾರೆ” ಎಂದ. ನಾನು ನಕ್ಕೆ. ತಮ್ಮ ನಗಲಿಲ್ಲ. ಮೇಸ್ತ್ರಿ ಬೈದುಕೊಂಡೇ ಅವನು ಹೇಳಿದ ಹಾಗೆ ಮಾಡಿದ.

ಗೋಡೆಯ ಜೊತೆಗೆ ಕೋಣೆಯ ನಡುವೆ ಒಂದು ಗಿಡ್ಡ ಗೋಡೆಯೂ ಎದ್ದಿತು. ಹಲಗೆಗಳನ್ನು ಕೆಳಗಿನಿಂದ ಹೊರುವ ಜಂತೆಗಳಿಗೆ ನಡುವಿನಲ್ಲಿ ಆಸರೆ ಬೇಕಲ್ಲ, ಅದಕ್ಕೆ. ಗೋಡೆಯ ತೇವ ಮರಕ್ಕೆ ಏರದಂತೆ ತಮ್ಮ ಅದರ ನೆತ್ತಿಗೆ ಡಾಂಬರು ಹಾಳೆ ಹಾಸಿದ. ಆಮೇಲೆ ಒಂದೊಂದೇ ಜಂತೆಯನ್ನು ಎತ್ತಿ, ಒಂದು ತುದಿಯನ್ನು ಕಣ್ಣಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಎಷ್ಟೇ ನೆಟ್ಟಗಿದ್ದರೂ ಮರಕ್ಕೆ ಎಲ್ಲೋ ಸಣ್ಣ ಗೂನು ಇದ್ದೇ ಇರುತ್ತದಂತೆ. ಗೂನು ಮೇಲೆ ಬರುವಂತೆ ಇಟ್ಟರೆ ಜನರ ಭಾರಕ್ಕೆ ಸಮವಾಗುತ್ತದೆ, ಕೆಳಗೆ ಇಟ್ಟರೆ ತೊಟ್ಟಿಲಾಗುತ್ತದೆ. ಗಿಡ್ಡ ಗೋಡೆಗೂ ಜಂತೆಗೂ ನಡುವೆ ಸಂದು ಉಳಿದ ಕಡೆಯೆಲ್ಲ ಗಟ್ಟಿಮರದ ಬೆಣೆ ಬಡಿದು ಬಿಗಿ ಮಾಡುತ್ತಿದ್ದ. ಕೈ ಎಂದಿನ ಹಾಗೇ ಚುರುಕಾಗಿತ್ತು. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಅವನ ಕೊಡತಿಯ ಸದ್ದು ಕೇಳುತ್ತಿದ್ದೆ. ಸಂತೋಷವಾಯಿತು ಎಂದರೆ ಸುಳ್ಳಾದೀತು. ಸದ್ದು ಇದೆ, ಅಂದರೆ ಅವನು ಇದ್ದಾನೆ, ಅಷ್ಟೇ ಅನಿಸುತ್ತಿತ್ತು.

ಹಲಗೆ ಹೊದಿಸುವ ಕೆಲಸ ಮುಕ್ಕಾಲು ಪಾಲು ಆಗಿತ್ತು. ಒಂದು ಮಧ್ಯಾಹ್ನ ಟೀ ತೆಗೆದುಕೊಂಡು ಹಿಂದಕ್ಕೆ ಹೋದೆ. ಬಿಳಿಚಿದ ಹೊಸ ಹಲಗೆಗಳ ಮೇಲೆ ಉದ್ದಕ್ಕೂ ಕೆಂಪು ಗುರುತುಗಳು. ಮೇಸ್ತ್ರಿ ಹೊರಗೆ ಕಿಟಕಿ ಚೌಕಟ್ಟಿಗೆ ಕೆಂಪು ಬಣ್ಣ ಬಳಿಯುತ್ತಿದ್ದ. ನನ್ನ ಪಿತ್ತ ನೆತ್ತಿಗೇರಿತು.

“ರೀ ಮೇಸ್ತ್ರಿ! ಬಣ್ಣ ತುಳಿದುಕೊಂಡು ಒಳಗೆಲ್ಲ ಓಡಾಡಿದ್ದೀರಲ್ಲ, ಕಣ್ಣು ಎಲ್ಲಿಟ್ಟಿದ್ರಿ?”

ಮೇಸ್ತ್ರಿ ಬ್ರಷ್ಷು ಹಿಡಿದುಕೊಂಡೇ ಬಂದ. ಗುರುತು ನೋಡಿದ, ತನ್ನ ಬೂಟು ಎತ್ತಿ ತೋರಿಸಿದ. ಸಿಮೆಂಟು ಬಿಟ್ಟರೆ ಏನೂ ಇರಲಿಲ್ಲ. “ಅಕ್ಕ, ಇದು ಬರಿಗಾಲಿನ ಗುರುತು” ಎಂದ.

ಗುರುತು ಮೂಲೆಯವರೆಗೆ ಹೋಗಿತ್ತು. ಮೂಲೆಯಲ್ಲಿ ತಮ್ಮ ಮಂಡಿಯೂರಿ ಸ್ಕ್ರೂ ತಿರುಗಿಸುತ್ತಿದ್ದ. ಅವನ ಅಂಗಾಲುಗಳು ನಮ್ಮ ಕಡೆಗಿದ್ದವು. ಬಲಗಾಲಿನ ಹಿಮ್ಮಡಿಯ ಹತ್ತಿರ ಒಂದು ಸ್ಕ್ರೂ ತಲೆಯವರೆಗೂ ಇಳಿದಿತ್ತು. ಸುತ್ತ ರಕ್ತ ಆಗಲೇ ಒಣಗಲು ಶುರುವಾಗಿತ್ತು. ಅದನ್ನು ಚುಚ್ಚಿಕೊಂಡು ಅವನು ಎಷ್ಟು ಸಲ ಆ ಕಡೆಯಿಂದ ಈ ಕಡೆಗೆ ಓಡಾಡಿದ್ದನೋ.

“ಅಲುಗಾಡಬೇಡ” ಎಂದೆ. ಅವನದೇ ಚೀಲದಿಂದ ಇಕ್ಕಳ ತೆಗೆದು ಎಳೆದೆ. ಅವನು ಕತ್ತು ತಿರುಗಿಸಿ, ಯಾರದೋ ಕಾಲನ್ನು ನೋಡುವ ಹಾಗೆ ನೋಡುತ್ತಿದ್ದ.

“ನೋವಾಗಲ್ವೇನೋ?”

“ಇಲ್ಲ.”

ನನ್ನ ಸೆರಗಿಗೆ ಯಾವಾಗಲೂ ಒಂದು ಸೂಜಿ ಸಿಕ್ಕಿಸಿರುತ್ತೇನೆ. ಅದನ್ನು ತೆಗೆದು ಅವನ ಹೆಬ್ಬೆರಳಿನ ಬುಡಕ್ಕೆ ಮೆಲ್ಲಗೆ ಚುಚ್ಚಿದೆ. ಇನ್ನೊಂದು ಕಡೆ ಚುಚ್ಚಿದೆ. ಎಡಗಾಲಿಗೂ ಚುಚ್ಚಿದೆ. ಅವನು ಸ್ಕ್ರೂವನ್ನು ಅಂಗೈಯಲ್ಲಿಟ್ಟುಕೊಂಡು “ನಮ್ಮದೇ. ಡಬ್ಬಿಯಿಂದ ಬಿದ್ದಿರಬೇಕು” ಎಂದ.

“ಯಾವಾಗಿಂದ ಹೀಗೆ?” ಎಂದೆ.

“ಬಹಳ ಕಾಲ ಆಯ್ತು.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಭಯವೂ ಆಗಲಿಲ್ಲ. ಮೈಯೆಲ್ಲ ಮರಗಟ್ಟಿದ ಹಾಗಾಯಿತು. ತಂದಿದ್ದ ಟೀ ಕೊಟ್ಟೆ, ಅವನು ಕುಡಿದ.

ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಹಳೆಯದು, ಯಾರೂ ಗಮನಿಸದೆ ಬೆಳೆದದ್ದು, ಕಾಲಿನ ನರಗಳು ಹೋಗಿವೆ. ಗಾಯ ತೊಳೆದು ಪಟ್ಟಿ ಕಟ್ಟಿದರು. ಈ ಗಾಯ ವಾಸಿಯಾಗುತ್ತದೆ, ಇನ್ನು ಮುಂದಿನದೇ ಚಿಂತೆ ಎಂದರು. “ದಿನಾ ಅಂಗಾಲು ನೋಡಬೇಕು. ಸಣ್ಣ ಗುಳ್ಳೆ, ಗೀರು, ಕೆಂಪಗಾಗಿರೋದು, ಏನಿದ್ರೂ ಅವತ್ತೇ ಕಾಣಬೇಕು. ಬಿಟ್ಟರೆ ಕಾಲು ತೆಗೀಬೇಕಾಗುತ್ತೆ. ಮನೇಲಿ ಯಾರಿದ್ದಾರೆ ನೋಡೋಕೆ?”

ತಮ್ಮ ಗೋಡೆ ನೋಡುತ್ತಾ ಕೂತಿದ್ದ. “ನಾನಿದ್ದೀನಿ” ಎಂದೆ.

ಹೊರಗೆ ಬಂದ ಮೇಲೆ ಅವನು ಬಾಯಿಬಿಟ್ಟ. “ಅಕ್ಕನ ಮುಖಕ್ಕೆ ಕಾಲು ಚಾಚೋಕಾಗಲ್ಲ. ಕನ್ನಡಿ ಇಟ್ಕೊಂಡು ನಾನೇ ನೋಡ್ಕೋತೀನಿ.”

“ಕನ್ನಡಕ ಹಾಕಿದ್ರೂ ಸೂಜಿಗೆ ದಾರ ಪೋಣಿಸೋಕೆ ನಿನಗೆ ಬರಲ್ಲ, ಕನ್ನಡೀಲಿ ಏನು ಕಾಣುತ್ತೆ ನಿನಗೆ? ಹಿತ್ತಲ ಕೋಣೆಗೆ ಬಂದು ಬಿದ್ದಿರು ಅಂದ್ರೆ ಬಿದ್ದಿರಬೇಕು.”

“ನೆಲ ಮುಗೀಲಿ” ಎಂದ. ಅಷ್ಟೇ. ಒಬ್ಬನೇ ಆ ಮಹಡಿಯ ಮೇಲೆ ಕಾಲು ಕೊಳೆಸಿಕೊಂಡು ಕೂರುವುದಕ್ಕೂ ಇವನು ತಯಾರು ಎಂದು ನನಗೆ ಆಗ ಗೊತ್ತಾಯಿತು. ಹಟವೂ ಅಲ್ಲ. ಹಟ ಮಾಡುವಷ್ಟು ಜೀವ ಅವನಲ್ಲಿರಲಿಲ್ಲ. ಕಾಲು ಇದ್ದರೂ ಒಂದೇ, ಹೋದರೂ ಒಂದೇ ಅನ್ನುವ ಹಾಗಿದ್ದ.

ಪಟ್ಟಿ ಬಿಚ್ಚಿದ ಮೇಲೆ ಬೂಟು ಹಾಕಿಕೊಂಡು ಬಂದು ಉಳಿದ ಹಲಗೆ ಹೊದಿಸಿದ. ನನ್ನ ತಮ್ಮ ಬೂಟು ಹಾಕಿದ್ದನ್ನು ಹುಟ್ಟಿದಾಗಿನಿಂದ ನಾನು ನೋಡಿರಲಿಲ್ಲ. ಮೇಸ್ತ್ರಿ “ಬರಿಗಾಲು ಅಂತ ಇನ್ಮೇಲೆ ಹೇಗೆ ಕರೆಯೋದಪ್ಪಾ” ಎಂದು ತಮಾಷೆಗೆ ಶುರುಮಾಡಿ, ಅವನ ಮುಖ ನೋಡಿ ಸುಮ್ಮನಾದ. ರಕ್ತದ ಕಲೆಗಳ ಮೇಲೆ ತಮ್ಮ ತೋಪಡ ಹಿಡಿದು ತೆಳ್ಳಗೆ ಎರಡು ಸಲ ಎಳೆದ. ಸುರುಳಿ ಸುರುಳಿಯಾಗಿ ಎದ್ದ ಮರದ ಹೊಟ್ಟನ್ನು ಗುಡಿಸಿ ಹೊರಗೆ ಹಾಕಿದ. ನೆಲ ಮುಗಿಯಿತು.

ನಡೆದು ನೋಡುವುದೊಂದು ಉಳಿದಿತ್ತು. ಮೇಸ್ತ್ರಿ ಮನೆಗೆ ಹೋಗಿದ್ದ. ನಮ್ಮ ಯಜಮಾನರು ಮುಂದಿನ ಕೋಣೆಯಲ್ಲಿ ಪೇಪರು ಹಿಡಿದು ನಿದ್ದೆ ಹೋಗಿದ್ದರು. ತಮ್ಮ ಬಾಗಿಲಲ್ಲಿ ನಿಂತು ನೆಲವನ್ನೇ ನೋಡುತ್ತಿದ್ದ.

“ಅವಳು ನಡೀತಿದ್ಲು” ಎಂದ.

ನನಗೆ ಅರ್ಥವಾಗಲಿಲ್ಲ. ಯಾರು ಎಂದು ಕೇಳಬೇಕಾಗಿರಲಿಲ್ಲ, ಎಲ್ಲಿ ಎಂದು ಕೇಳಿದೆ.

“ಎಲ್ಲಾ ಮನೇಲೂ. ಕಡೇ ನಾಲ್ಕೈದು ವರ್ಷ. ನನ್ನ ಕಾಲಿಗೆ ಆಗಲೇ ಏನೂ ಗೊತ್ತಾಗ್ತಿರಲಿಲ್ಲ. ನಾನು ಜನರಿಗೆ ಕಾಣೋ ಹಾಗೆ ನಡೀತಿದ್ದೆ. ಅದಕ್ಕೆ ಮೊದಲೇ ಅವಳು ಬಂದು ನಡೆದು, ಎಲ್ಲಿ ಬಗ್ಗುತ್ತೆ ಅಂತ ಹೇಳ್ತಿದ್ಲು.”

ಆಗ ನೆನಪಾಯಿತು. ಅವಳು ಊಟದ ಡಬ್ಬಿ ಹಿಡಿದುಕೊಂಡು ಇವನ ಕೆಲಸದ ಜಾಗಕ್ಕೆಲ್ಲ ಹೋಗುತ್ತಿದ್ದಳು. ‘ಹೊಸದಾಗಿ ಮದುವೆಯಾದವರ ಹಾಗೆ ಆಡ್ತಾಳಪ್ಪ’ ಎಂದು ನಾನೇ ಎಷ್ಟು ಸಲ ಆಡಿಕೊಂಡಿದ್ದೇನೆ. ನಕ್ಕು ಸುಮ್ಮನಿರುತ್ತಿದ್ದಳು. ಸಂಜೆ ಅವನ ಕಾಲಿಗೆ ಎಣ್ಣೆ ಹಚ್ಚಿ, ಚುಚ್ಚಿಕೊಂಡ ಸಿಬಿರುಗಳನ್ನು ಪಿನ್ನಿನಿಂದ ತೆಗೆಯುತ್ತಿದ್ದವಳೂ ಅವಳೇ. ಅವಳ ಕೈಗೆ ಮೊದಲು ಗೊತ್ತಾಗಿರಬೇಕು, ಇವನಿಗೆ ಆಮೇಲೆ. ಇವನು ನೆಲ ಹಾಸುವುದನ್ನು ಬಿಟ್ಟದ್ದು ಮನಸ್ಸಿಲ್ಲದೆ ಅಲ್ಲ. ನಡೆಯುವವರಿಲ್ಲದೆ.

“ಒಂದ್ಸಲಾನೂ ಪರವಾಗಿಲ್ಲ ಅನ್ನಲಿಲ್ಲ ಅವಳು” ಎಂದ. “ಒಂದು ಮನೇಲಿ ಅರ್ಧಕ್ಕರ್ಧ ಹಲಗೆ ಕೀಳಿಸಿದ್ಲು. ಹೊರಗೆ ಮನೆಯವರು ಸಾಮಾನು ಇಳಿಸ್ತಾ ಇದ್ರು. ಅಷ್ಟಾದ್ರೂ ಬಿಡಲಿಲ್ಲ.”

ಅವನು ಇಷ್ಟು ಮಾತಾಡಿ ಎರಡು ವರ್ಷವಾಗಿತ್ತು. ನಾನು ಚಪ್ಪಲಿ ಕಳಚಿದೆ.

“ಕೆಳಗೆ ನೋಡಬೇಡ. ಕಣ್ಣು ಮುಚ್ಕೋ” ಎಂದ. “ಹಿಮ್ಮಡಿ ಮೊದಲು ಊರು. ಪೂರ್ತಿ ಭಾರ ಬಿಡು, ಆಮೇಲೆ ಇನ್ನೊಂದು ಕಾಲು. ಅವಸರ ಬೇಡ.”

ನಡೆದೆ. ಹಲಗೆ ತಂಪಾಗಿತ್ತು. ಮೊದಮೊದಲು ಏನೂ ತಿಳಿಯಲಿಲ್ಲ, ನೆಲ ಅಂದರೆ ನೆಲ. ನಾಲ್ಕು ಹೆಜ್ಜೆಯಾದ ಮೇಲೆ ಅಂಗಾಲಿಗೆ ಒಂದೊಂದು ಜಂತೆಯೂ ಸಿಗಲು ಶುರುವಾಯಿತು. ಗಟ್ಟಿ, ಸ್ವಲ್ಪ ಮೆದು, ಮತ್ತೆ ಗಟ್ಟಿ. ನಡುವಿನ ಗಿಡ್ಡ ಗೋಡೆ ದಾಟಿದ್ದೂ ಗೊತ್ತಾಯಿತು. ಹಿಂದಿರುಗಿ ಬರುವಾಗ ಗಿಡ್ಡ ಗೋಡೆಯ ಕಿಟಕಿ ಕಡೆಯ ತುದಿಯಲ್ಲಿ, ಅವನ ಮಂಚ ಹಾಕಿಸಬೇಕು ಎಂದುಕೊಂಡಿದ್ದ ಜಾಗದಲ್ಲೇ, ನೆಲ ಕೆಳಕ್ಕೆ ಹೋಯಿತು. ಕೂದಲೆಳೆಯಷ್ಟು. ಭಾರ ತೆಗೆದರೆ ಮೇಲೆ ಬಂತು, ಬಿಟ್ಟರೆ ಮತ್ತೆ ಹೋಯಿತು.

ಕಣ್ಣು ಬಿಟ್ಟೆ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ಆ ದೊಡ್ಡ ಬೂಟುಗಳಲ್ಲಿ, ಕಾಲು ಪೂರ್ತಿ ವಾಸಿಯಾಗುವ ಮೊದಲೇ ಬಂದು ಮಂಡಿಯೂರಿ ದುಡಿದವನು. ಇಷ್ಟು ಸಣ್ಣದಕ್ಕೆ ಇವನ ಮುಂದೆ ಏನು ಬಾಯಿಬಿಡುವುದು ಅನಿಸಿತು. ಬಾಯಿಗೆ ಅಭ್ಯಾಸವಾದ ಮಾತು ತಾನಾಗಿಯೇ ಬಂತು.

“ಸರಿಯಾಗಿದೆ ಕಣೋ. ಕಲ್ಲಿನ ಹಾಗಿದೆ.”

“ಎಲ್ಲಾ ಕಡೆ?”

“ಎಲ್ಲಾ ಕಡೆ.”

“ಸರಿ” ಎಂದ.

ಬಗ್ಗಿ ಸಾಮಾನು ಚೀಲ ತುಂಬತೊಡಗಿದ. ಉಳಿ, ಕೊಡತಿ, ತೋಪಡ. ರಸಮಟ್ಟವನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ. ಚೀಲದ ಬಾಯಿ ಕಟ್ಟಿದ. “ಕೋಣೆ ನಿನ್ನ ಹೊಲಿಗೆಗೆ ಇಟ್ಕೋ ಅಕ್ಕ. ಬೆಳಕು ಚೆನ್ನಾಗಿ ಬರುತ್ತೆ. ನಾನು ಮಹಡೀಲೇ ಇರ್ತೀನಿ” ಎಂದ.

ಧ್ವನಿಯಲ್ಲಿ ಬೇಸರವಿಲ್ಲ, ಏನೂ ಇಲ್ಲ. ಬಾಗಿಲು ದಾಟಿ ಹಳೆ ಮನೆಯೊಳಗೆ ಹೋಗಿಬಿಟ್ಟ. ಆ ಬೂಟಿನ ಸದ್ದು ಅಡುಗೆಮನೆ ದಾಟುತ್ತಿದ್ದಾಗ ನನಗೆ ನಿಜವಾಗಿ ಭಯವಾಯಿತು. ಇವನು ಹೀಗೇ ಹೋಗಿ ಮೆಟ್ಟಿಲು ಹತ್ತುತ್ತಾನೆ, ಇನ್ನು ಇಳಿಸುವುದು ನನ್ನಿಂದಾಗುವುದಿಲ್ಲ.

“ನಿಲ್ಲೋ!” ಎಂದು ಕೂಗಿದೆ. ಮುಂದಿನ ಕೋಣೆಯಲ್ಲಿ ಯಜಮಾನರ ಪೇಪರು ಕೆಳಗೆ ಬಿದ್ದ ಸದ್ದಾಯಿತು. “ಇಲ್ಲಿ ಬಗ್ಗುತ್ತೆ. ಕಿಟಕಿ ಹತ್ತಿರ. ಕಾಲಿಟ್ಟರೆ ಹೋಗುತ್ತೆ, ತೆಗೆದರೆ ಬರುತ್ತೆ. ನಾನು ಸುಳ್ಳು ಹೇಳಿದೆ.”

ಸದ್ದು ನಿಂತಿತು. ಆಮೇಲೆ ಹತ್ತಿರ ಬಂತು. ಅವನು ಒಳಗೆ ಬಂದು ಚೀಲ ಇಳಿಸಿದ. “ಗೊತ್ತು. ಅಲ್ಲಿ ಎರಡು ಸಲ ನಿಂತೆ ನೀನು” ಎಂದ. “ಸತ್ತಿರೋದು ಕಾಲು, ಕಣ್ಣಲ್ಲ.”

ಎರಡು ಹಲಗೆ ಬಿಚ್ಚಿದ. ಬೋರಲು ಮಲಗಿ ಸಂದಿನೊಳಗೆ ಭುಜದವರೆಗೂ ಕೈ ಹಾಕಿದ. ಕೆಳಗಿನಿಂದ ತಣ್ಣನೆ ಗಾಳಿ ನನ್ನ ಕಾಲಿಗೆ ಸೋಕಿತು. ಸ್ವಲ್ಪ ಹೊತ್ತು ತಡವಿ “ಬೆಣೆ ಇಲ್ಲ” ಎಂದ. “ಇಲ್ಲಿಗೆ ಬೆಣೆ ಹಾಕೋದೇ ಮರೆತಿದ್ದೀನಿ.”

“ಹೋಗಲಿ ಬಿಡು, ಒಂದು ತಾನೇ.”

“ಹೋಗಲಿ ಬಿಡು ಅನ್ನಬೇಡ.”

ಬೆಣೆ ಕೆತ್ತಿದ, ಬಡಿದ, ಹಲಗೆ ಮುಚ್ಚಿದ. ಮತ್ತೆ ನನ್ನನ್ನು ನಡೆಸಿದ. ಈ ಸಲ ಆ ಜಾಗದಲ್ಲಿ ನೆಲ ಹೋಗಲಿಲ್ಲ. ಬೇಕೆಂದೇ ಅಲ್ಲಿ ಇನ್ನೊಂದು ಸಲ ತುಳಿದು ನೋಡಿದೆ. “ಗಟ್ಟಿಯಿದೆ” ಎಂದೆ. ಅವನು ನನ್ನ ಮುಖವನ್ನು ತುಂಬ ಹೊತ್ತು ನೋಡಿ, ತಲೆಯಾಡಿಸಿದ.

ಆಮೇಲೆ ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತ. ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ. ಬಹಳ ಹೊತ್ತು ಕಾಲು ಮಡಚಿಕೊಂಡೇ ಇದ್ದ. ನಾನು ಅವನ ಎದುರಿಗೆ ಕೂತೆ. ಅವನು ಮುಖವನ್ನು ಒಂದು ಕಡೆ ತಿರುಗಿಸಿಕೊಂಡು, ಎರಡೂ ಕಾಲನ್ನು ನನ್ನ ಕಡೆಗೆ ಚಾಚಿದ.

“ನೋಡಕ್ಕ. ಇರೋದನ್ನ ಇದ್ದ ಹಾಗೆ ಹೇಳು.”

ನೋಡಿದೆ. ಸ್ಕ್ರೂವಿನ ಗಾಯ ಒಣಗಿ ಹಕ್ಕಳೆಗಟ್ಟಿತ್ತು. ಬೆರಳ ಸಂದುಗಳನ್ನು ಬಿಡಿಸಿ ನೋಡಿದೆ. “ಎಡಗಾಲಿನ ಕಿರುಬೆರಳ ಕೆಳಗೆ ಕೆಂಪಗಿದೆ. ಬೂಟು ಒತ್ತಿರಬೇಕು. ಬಲಗಾಲು ಚೆನ್ನಾಗಿದೆ” ಎಂದೆ.

ಅವನು ಇನ್ನೂ ಗೋಡೆಯ ಕಡೆಗೇ ಮುಖ ಮಾಡಿದ್ದ. ಹಲಗೆಯ ಮೇಲೆ ಬೆರಳಾಡಿಸುತ್ತಾ “ಹಿಡ್ಕೊಂಡಿದ್ದೀಯಾ?” ಎಂದು ಕೇಳಿದ.

ಅವನ ಬಲಗಾಲು ನನ್ನ ಎರಡೂ ಕೈಯೊಳಗಿತ್ತು. ಆಗಿನಿಂದಲೂ ಗಟ್ಟಿಯಾಗಿಯೇ ಹಿಡಿದಿದ್ದೆ.

“ಹ್ಞೂಂ, ಹಿಡ್ಕೊಂಡಿದ್ದೀನಿ” ಎಂದೆ.

“ಸರಿ” ಎಂದ. ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.